ದಫೇದಾರ್ ಚಿಕ್ಕವೆಂಕಟಪ್ಪನವರ ಒಂಬತ್ತು ವರ್ಷ

ದಫೇದಾರ್ ಚಿಕ್ಕವೆಂಕಟಪ್ಪನವರು ಪೊಲೀಸ್ ಕೆಲಸದಿಂದ ನಿವೃತ್ತರಾದದ್ದು ೧೯೫೯ರಲ್ಲಿ. ಮೂವತ್ತೆರಡು ವರ್ಷ ದುಡಿದಿದ್ದರು. ಪಿಂಚಣಿಯ ಕಾಗದ ಬಂದಾಗ ಅದರಲ್ಲಿ ಇಪ್ಪತ್ತಮೂರು ವರ್ಷ ಎಂದು ಬರೆದಿತ್ತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಕಾಗದ ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದರು. ನಾನಾಗ ಬಂಗಾರಪೇಟೆಯಲ್ಲಿ ಸ್ಕೂಲ್ ಮೇಷ್ಟ್ರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ.

"ಮೇಷ್ಟ್ರೇ, ಇದ್ರಲ್ಲಿ ಒಂಬತ್ತು ವರ್ಸ ಕಾಣ್ತಿಲ್ಲ. ಎಲ್ಲೋದವು ವಸಿ ನೋಡಿ" ಅಂದರು.

ನೋಡಿದೆ. ೧೯೩೬ರಲ್ಲಿ ಅವರನ್ನು ಹದಿನೇಳು ದಿನ ಅಮಾನತಿನಲ್ಲಿಟ್ಟಿದ್ದರಂತೆ. ಆ ಹದಿನೇಳು ದಿನ ಸೇವೆ ಮುರಿದುಹೋಯಿತು, ಆದ್ದರಿಂದ ಅದಕ್ಕೆ ಹಿಂದಿನ ಒಂಬತ್ತು ವರ್ಷ ಪಿಂಚಣಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಗದದಲ್ಲಿತ್ತು. ಅದನ್ನೇ ಓದಿ ಹೇಳಿದೆ. ದಫೇದಾರರು ಮೀಸೆ ಹಿಡಿದುಕೊಂಡರು.

"ಹದಿನೇಳು ದಿನಕ್ಕೆ ಒಂಬತ್ತು ವರ್ಸ. ನಾನು ಇಡ್ಕೊಟ್ಟ ಕಳ್ರಿಗೂ ಯಾವ ಜಡ್ಜೂ ಇಂತ ಲೆಕ್ಕ ಆಕಿಲ್ಲ ಮೇಷ್ಟ್ರೇ."

ಆರಡಿ ಆಳು. ಮೆಲ್ಲಗೆ ಮಾತಾಡುವುದು ಅವರಿಗೆ ತಿಳಿಯದು. ಉಪ್ಪು ಕೇಳಿದರೂ ಬೀದಿಯವರೆಲ್ಲ ಎದ್ದು ನೋಡುತ್ತಿದ್ದರು. ನಿವೃತ್ತಿಯಾದ ಮೇಲೂ ಬೆಳಗಿನ ಜಾವವೇ ಎದ್ದು, ಬೀದಿಯ ಅಂಗಡಿಗಳ ಬೀಗಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿ ಬರುತ್ತಿದ್ದರು. ಅವರ ಹೆಂಡತಿ ಅಮ್ಮಾಜಮ್ಮ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದುಂಟು: "ಮೂವತ್ತೆರಡು ವರ್ಸ ಅಬ್ಬ ಹುಣ್ಣಿಮೆ ಅಂತ ಒಂದಿನ ಮನೇಲಿರ್ಲಿಲ್ಲ. ಈಗ ದಿನಾಲೂ ಇರ್ತಾರೆ. ಯಾವ್ದು ವಾಸಿ ಅಂತ ನಂಗಿನ್ನೂ ಗೊತ್ತಾಗಿಲ್ಲಮ್ಮ."

ರೈಲ್ವೆ ಸ್ಟೇಷನ್ನಿನ ಎದುರಿನ ಟೀ ಅಂಗಡಿಯಲ್ಲಿ ದಫೇದಾರರಿಗೆ ಇಬ್ಬರು ಜೊತೆಗಾರರು. ಒಬ್ಬರು ಶ್ರೀನಿವಾಸಪ್ಪ, ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವರು. ಇನ್ನೊಬ್ಬ ಆರುಮುಗಂ, ಉರಿಗಾಂ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಭೂಮಿಯೊಳಗೆ ಇಳಿದು ಹತ್ತಿದವನು. ನಿವೃತ್ತಿಯಾದ ಕೂಡಲೇ ಗಣಿಯ ಲೈನ್ ಮನೆ ಬಿಡಬೇಕಾಗಿ ಬಂದು, ಬಂಗಾರಪೇಟೆಯಲ್ಲಿ ಬಾಡಿಗೆಗೆ ಬಂದಿದ್ದ. ಆ ಕಾಗದ ಬಂದ ದಿನದಿಂದ ಮೂವರಿಗೂ ಒಂದೇ ಚರ್ಚೆ.

"ನೋಡ್ರಪ್ಪ," ಎಂದು ದಫೇದಾರರು ಶುರುಮಾಡುವರು, "ರೈಲ್ವೇಲಿ ಡ್ಯೂಟಿ ಎಂಟು ಗಂಟೆ. ಗಣೀಲಿ ಸೈರನ್ ಕೂಗಿದ್ರೆ ಮನೆಗೆ. ಈ ಮೇಷ್ಟ್ರಿಗೆ ದಸರಾ ರಜಾ, ಬ್ಯಾಸಿಗೆ ರಜಾ, ಮಳೆ ಬಂದ್ರೂ ರಜಾ. ಪೊಲೀಸ್ನೋನಿಗೆ? ಊರ್ನೋರು ಅಬ್ಬ ಮಾಡಿದ್ರೆ ನಮಗೆ ಬಂದೋಬಸ್ತು, ಜಗಳ ಮಾಡಿದ್ರೆ ಬಂದೋಬಸ್ತು, ಯಾರೂ ಏನೂ ಮಾಡ್ದಿದ್ರೆ ಯಾಕೆ ಸುಮ್ನಿದ್ದಾರೆ ಅಂತ ಬಂದೋಬಸ್ತು. ಪಿಂಚಣಿ ಲೆಕ್ಕ ಆಕೋವಾಗ ಮಾತ್ರ ಎಲ್ರಿಗೂ ಒಂದೇ ವರ್ಸ. ಅದ್ರಲ್ಲೂ ನಂಗೆ ಒಂಬತ್ತು ಕಮ್ಮಿ."

ಶ್ರೀನಿವಾಸಪ್ಪ ಜೇಬಿನಿಂದ ರೈಲ್ವೆ ಪಾಸು ತೆಗೆದು ಒರೆಸಿ ಮತ್ತೆ ಇಟ್ಟುಕೊಳ್ಳುವರು. ಅವರಿಗೆ ಪ್ರಾವಿಡೆಂಟ್ ಫಂಡು ಒಟ್ಟಿಗೆ ಬಂದಿತ್ತು, ವರ್ಷಕ್ಕೊಂದು ಸಲ ಹೆಂಡತಿ ಸಮೇತ ಕಾಶಿಗಾದರೂ ಪುಕ್ಕಟೆ ಹೋಗಬಹುದಿತ್ತು. ಅವರು ಹೋಗುತ್ತಿದ್ದುದು ಕುಪ್ಪಂಗೆ, ಮಗಳ ಮನೆಗೆ.

"ದಫೇದಾರೇ, ನೀನು ಮೇಲೆ ಗಾಳೀಲಿ ನಿಂತಿದ್ದೆ," ಎಂದು ಆರುಮುಗಂ ಅನ್ನುವನು. "ನಾನ್ ಕೀಳೆ, ನೆಲದೊಳಗೆ ಆರು ಸಾವಿರ ಅಡಿ. ನಿಂಗೆ ತಿಂಗ್ಳಾ ತಿಂಗ್ಳಾ ಬರುತ್ತೆ, ನಂಗೆ ಒಂದೇ ಸಲ ಕೊಟ್ಟು ಪೋ ಅಂದ್ರು." ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವವರೆಗೆ ದಫೇದಾರರು ಕಾದು, ಮತ್ತೆ ಒಂಬತ್ತು ವರ್ಷಕ್ಕೆ ಬರುವರು.

ಆ ಹದಿನೇಳು ದಿನದ ಕಥೆ ಹೀಗೆ. ಆಗ ಅವರು ಬರೀ ಕಾನ್‌ಸ್ಟೇಬಲ್. ಮೂರು ದಿನ ಮೂರು ರಾತ್ರಿ ಯಾವುದೋ ಬಂದೋಬಸ್ತಿನಲ್ಲಿ ನಿಂತೇ ಕಳೆದಿದ್ದರು. ನಾಲ್ಕನೆಯ ಬೆಳಿಗ್ಗೆ, ಮನೆಗೂ ಕಳಿಸದೆ, ಕಾಮಸಮುದ್ರದಿಂದ ಒಬ್ಬ ಕೋಳಿ ಕಳ್ಳನನ್ನು ಉರಿಗಾಂ ಕೋರ್ಟಿಗೆ ಮುಟ್ಟಿಸು ಎಂದರು. ಕಳ್ಳನ ಹೆಸರು ಆಂಜಿನಪ್ಪ, ಇಪ್ಪತ್ತೆರಡರ ಹುಡುಗಾಟದ ಆಳು. ಕದ್ದದ್ದು ಹದಿನಾಲ್ಕು ಕೋಳಿ. ಅವನ ಬಲಗೈಗೂ ಇವರ ಎಡಗೈಗೂ ಒಂದೇ ಬೇಡಿ. ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ ಕೆ.ಜಿ.ಎಫ್. ಗಾಡಿ ಹತ್ತಿದರು. ಕಿಟಕಿಯ ಗಾಳಿ ಬೀಸಿತು, ಇವರಿಗೆ ನಿದ್ದೆ ಹತ್ತಿತು. ಉರಿಗಾಂ ಬಂದಾಗ ಕಳ್ಳ ಎಬ್ಬಿಸಿದನಂತೆ, ಏಳಲಿಲ್ಲ. ಗಾಡಿ ಕೊನೆಯ ಸ್ಟೇಷನ್ ಮಾರಿಕುಪ್ಪಂವರೆಗೆ ಹೋಗಿ ನಿಂತಿತು. ಅಲ್ಲಿ ಗಾರ್ಡು ಮುಖಕ್ಕೆ ನೀರು ಹಾಕಿದ ಮೇಲೆ ಎಚ್ಚರವಾಯಿತು.

ವಾಪಸು ಗಾಡಿ ಸಂಜೆಗೆ. ಇಬ್ಬರೂ ನಡೆದರು. ನಿದ್ದೆಗಣ್ಣಿನಲ್ಲಿ ರುಮಾಲು ಪದೇ ಪದೇ ಜಾರಿ ಬೀಳುತ್ತಿದ್ದುದರಿಂದ ಆಂಜಿನಪ್ಪ ಅದನ್ನು ತನ್ನ ತಲೆಗೇ ಇಟ್ಟುಕೊಂಡು, ಲಾಠಿಯನ್ನೂ ತಾನೇ ಹಿಡಿದ. ದಾರಿಯಲ್ಲಿ ಇಬ್ಬರು ಮೂವರು ಕಳ್ಳನಿಗೆ ನಮಸ್ಕಾರ ಹಾಕಿದರು. ಕೋರ್ಟು ಮುಟ್ಟಿದಾಗ ಬಾಗಿಲು ಹಾಕಿತ್ತು. ಕೈದಿಯನ್ನು ಬಿಟ್ಟು ಎಲ್ಲಿಗೋ ಹೋಗಿದ್ದ ಕಾನ್‌ಸ್ಟೇಬಲ್ ಎಂದು ವರದಿಯಾಯಿತು. ಹದಿನೇಳು ದಿನ ಅಮಾನತು.

"ಬಿಟ್ಟು ಓಗೋದೆಂಗೆ ಮೇಷ್ಟ್ರೇ? ಬೇಡಿ ಐತಲ್ಲ! ನಾನು ಎಲ್ಲಿಗೋದ್ರೂ ಅವ್ನೂ ಬರ್ಬೇಕು!"

ಅದನ್ನೇ ಚೊಕ್ಕ ಮಾತಿನಲ್ಲಿ ಅರ್ಜಿ ಬರೆದೆ. ಎಂಟು ತಿಂಗಳಿಗೆ ಉತ್ತರ ಬಂತು: ಸದರಿ ದಿನ ಅರ್ಜಿದಾರನು ಕೈದಿಯ ಸಂಗಡವೇ ಇದ್ದನೆಂಬುದಕ್ಕೆ ಪ್ರತ್ಯಕ್ಷ ಸಾಕ್ಷಿ ಹಾಜರುಪಡಿಸತಕ್ಕದ್ದು.

ಆ ಗಾರ್ಡು ತೀರಿಕೊಂಡಿದ್ದ. ಉಳಿದ ಸಾಕ್ಷಿ ಒಬ್ಬನೇ.

ಮುಂದಿನ ಭಾನುವಾರ ದಫೇದಾರರೂ ನಾನೂ ಕಾಮಸಮುದ್ರಕ್ಕೆ ಹೋಗಿ, ಅಲ್ಲಿಂದ ಎರಡು ಮೈಲಿ ನಡೆದು ಆಂಜಿನಪ್ಪನ ಊರು ಸೇರಿದೆವು. ಆಂಜಿನಪ್ಪನ ಮನೆ ಎಲ್ಲಿ ಎಂದು ಕೇಳಿದರೆ, "ಯಾವ ಆಂಜಿನಪ್ಪ? ಚೇರ್ಮನ್ರಾ?" ಎಂದರು. ಅವನು ಪಂಚಾಯ್ತಿ ಚೇರ್ಮನ್ ಆಗಿದ್ದ. ಪಂಚಾಯ್ತಿ ಜಗಲಿಯ ಮೇಲೆ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತು, ಕೆರೆ ಏರಿಯ ಹುಣಸೆ ಕೊಂಬೆ ಕಡಿದವನೊಬ್ಬನಿಗೆ ಬುದ್ಧಿ ಹೇಳುತ್ತಿದ್ದ: "ಇನ್ನೊಬ್ಬರ ಸೊತ್ತು ಮುಟ್ಬಾರ್ದು ಕಣಪ್ಪ. ನಮ್ಮ ಮನೆಯಲ್ಲಿ ಅಂತ ಬುದ್ಧಿ ಕಲಿಸ್ಲಿಲ್ಲ."

"ಏನ್ಲಾ ಆಂಜೀ!" ಎಂದರು ದಫೇದಾರರು.

ಆ ಊರಿನಲ್ಲಿ ಚೇರ್ಮನ್ನರನ್ನು ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ಆಂಜಿನಪ್ಪ ತಿರುಗಿ ನೋಡಿದ. ಗುರುತು ಸಿಕ್ಕಿತು. ಹುಣಸೆ ಕೊಂಬೆಯವನಿಗೆ "ಓಗು, ಈ ಸಲ ಬಿಟ್ಟಿದ್ದೀನಿ" ಎಂದು ಹೇಳಿ, ನಮ್ಮಿಬ್ಬರನ್ನೂ ಹೆಚ್ಚು ಕಡಿಮೆ ಓಡಿಸಿಕೊಂಡೇ ಮನೆಗೆ ಕರೆದೊಯ್ದ.

ಅವನ ಹೆಂಡತಿ ಮುನಿರತ್ನಮ್ಮ ಮಜ್ಜಿಗೆ ಕೊಟ್ಟು ಒಳಗೆ ಹೋದಳು. ನಾನು ಬಂದ ಕಾರಣ ಹೇಳಿದೆ. ಆಂಜಿನಪ್ಪ ಕೈಮುಗಿದ.

"ದಫೇದಾರ್ರೇ, ನಿಮ್ದು ನ್ಯಾಯ. ಆದ್ರೆ ಮೆಲ್ಲಗೆ ಮಾತಾಡಿ. ನನ್ನ ಎಂಡ್ತಿಗೆ ಜೈಲಿನ ವಿಸ್ಯ ಗೊತ್ತಿಲ್ಲ. ಹದಿನೈದು ದಿನ ಜೈಲಲ್ಲಿದ್ದು ತಲೆ ಬೋಳಿಸ್ಕೊಂಡು ಬಂದ್ನಲ್ಲ, ತಿರುಪತಿಗೋಗಿದ್ದೆ ಅಂದ್ಬಿಟ್ಟಿದ್ದೀನಿ. ಇಪ್ಪತ್ತೈದು ವರ್ಸದಿಂದ ನನ್ನನ್ನ ಭಕ್ತ ಅಂದ್ಕೊಂಡವ್ಳೆ."

"ಆಯ್ತಪ್ಪ, ಮೆಲ್ಲಗೇ ಮಾತಾಡ್ತೀನಿ," ಎಂದರು ದಫೇದಾರರು, ಪಕ್ಕದ ಮನೆಯ ಎಮ್ಮೆ ಕಿವಿ ನಿಮಿರಿಸುವಷ್ಟು ಮೆಲ್ಲಗೆ. "ನೀನು ಕೋಳಿ ಕದ್ದಿದ್ದು ನಾನ್ಯಾಕೆ ಎಲ್ರಿಗೂ ಏಳ್ಲಿ!"

ಒಳಗಿನಿಂದ ಮುನಿರತ್ನಮ್ಮ ಬಂದಳು. ಕೈಯಲ್ಲಿ ಇನ್ನೊಂದು ಚೊಂಬು ಮಜ್ಜಿಗೆ.

"ತಿರುಪತಿಗೋಗಿ ಬಂದೋರು ಒಂದು ಚೂರು ಪ್ರಸಾದ ತರ್ದೆ ಬತ್ತಾರೇನ್ರಿ?" ಎಂದಳು ಗಂಡನಿಗೆ. "ಆ ಕೋಳಿಗಳು ನಮ್ಮ ಸೋದರಮಾವಂದು. ಮದ್ವೆಗೆ ಮುಂಚೇನೇ ನಮ್ಮಪ್ಪಂಗೆ ಎಲ್ಲ ಗೊತ್ತಿತ್ತು. ಪೊಲೀಸ್ನೋನು ನಿದ್ದೆ ಓದ್ರೂ ಬಿಟ್ಟು ಓಡೋಗ್ದೆ ಇದ್ದೋನು, ಇಂತೋನಿಗೆ ಎಣ್ಣು ಕೊಟ್ರೆ ಎಲ್ಲಿಗೂ ಓಡೋಗಲ್ಲ ಅಂತ ಏಳಿ ಕೊಟ್ರು."

ಆಂಜಿನಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. ಆಮೇಲೆ, "ಬೀಗದ ಕೈ ಇವ್ರ ಎಡಗಡೆ ಜೇಬಲ್ಲಿತ್ತು. ನಂಗೆ ಕಾಣ್ತಿತ್ತು" ಎಂದ.

"ಮತ್ಯಾಕ್ಲಾ ಓಡೋಗ್ಲಿಲ್ಲ?" ಎಂದರು ದಫೇದಾರರು. ಇದು ಅವರಿಗೂ ಹೊಸ ಸುದ್ದಿ.

"ನನ್ನ ಬುಜದ ಮೇಲೆ ತಲೆ ಇಟ್ಟು ಮಲಗ್ಬಿಟ್ಟಿದ್ರಲ್ಲ. ಅಲುಗಾಡಿದ್ರೆ ಬಿದ್ದೋಗ್ತಾರೆ ಅನ್ನಿಸ್ತು."

ದಫೇದಾರರು ಮೊದಲ ಸಲ ನಿಜವಾಗಿಯೂ ಮೆಲ್ಲಗೆ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ.

ವಿಚಾರಣೆ ಕೋಲಾರದಲ್ಲಿ. ಅಧಿಕಾರಿ ನೆಗಡಿ ಹಿಡಿದಿದ್ದ ಸಣಕಲು ಮನುಷ್ಯ. ಆಂಜಿನಪ್ಪ ತನ್ನ ಹೊಸ ಅಂಗಿ ಹಾಕಿಕೊಂಡು, ಪಂಚಾಯ್ತಿ ಮೊಹರಿನ ಪತ್ರವನ್ನೂ ತಂದಿದ್ದ. ಅದೇ ಎಡವಟ್ಟಾಯಿತು.

"ತಾವು ಚೇರ್ಮನ್ ಅನ್ನೋದಕ್ಕೆ ಪತ್ರ ಇದೆ," ಎಂದರು ಅಧಿಕಾರಿ. "ತಾವು ಕಳ್ಳ ಅನ್ನೋದಕ್ಕೆ ದಾಖಲೆ ಏನು?"

"ನಾನೇ ಏಳ್ತಿದ್ದೀನಲ್ಲ ಸ್ವಾಮಿ!"

"ಬಾಯಿ ಮಾತು ನಡೆಯೋಲ್ಲ. ಯಾರು ಬೇಕಾದರೂ ಬಂದು ನಾನೇ ಆ ಕಳ್ಳ ಅನ್ನಬಹುದು."

"ಯಾರು ಬಂದು ಅಂತಾರೆ ಸ್ವಾಮಿ?" ಆಂಜಿನಪ್ಪನಿಗೆ ಸಿಟ್ಟು ಬಂತು. "ಹದಿನಾಲ್ಕು ಕೋಳಿ ಕದ್ದೋನು ನಾನೇ. ಎರಡು ಹುಂಜ, ಹನ್ನೆರಡು ಹೇಟೆ. ಜೈಲಲ್ಲಿ ತಲೆ ಬೋಳಿಸಿದ್ದು ನಂದೇ. ಇನ್ನೇನು ಬೇಕು? ನಮ್ಮೂರ್ನೋರನ್ನ ಕರ್ಕೊಂಡು ಬಂದು ಏಳಿಸ್ಲಾ?" ಆ ಮಾತು ಬಾಯಿಂದ ಹೊರಟ ಮೇಲೆ ಅವನಿಗೇ ಗಾಬರಿಯಾಗಿ, "ಊರ್ನೋರು ಬ್ಯಾಡ" ಎಂದ.

ಕಡೆಗೆ ದಾರಿ ಸಿಕ್ಕಿದ್ದು ಹಳೆಯ ಕಡತದಲ್ಲಿ. ಅದರಲ್ಲಿ ಕೈದಿಯ ಎಡಗೈ ಹೆಬ್ಬೆಟ್ಟಿನ ಗುರುತಿತ್ತು. ಎರಡು ತಿಂಗಳ ಮೇಲೆ ಮತ್ತೆ ಕರೆಸಿದರು. ವಯಸ್ಕರ ಶಾಲೆಗೆ ಹೋಗಿ ಕಷ್ಟಪಟ್ಟು ಸಹಿ ಕಲಿತಿದ್ದ ಚೇರ್ಮನ್ನರು ಸರ್ಕಾರಿ ಮಸಿಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಬೇಕಾಯಿತು. ಗುರುತು ಸರಿಹೋಯಿತು. "ಸಂತೋಷ, ತಾವೇ ಕಳ್ಳರು" ಎಂದು ಅಧಿಕಾರಿ ಕೈಕುಲುಕಿದರು.

ಪ್ರಶ್ನೆ ಶುರುವಾಯಿತು. ಆ ದಿನ ಕಾನ್‌ಸ್ಟೇಬಲ್ ನಿಮ್ಮನ್ನು ಬಿಟ್ಟು ಹೋಗಿದ್ದರೇ?

"ಒಂದು ಗಳಿಗೆ ಬಿಟ್ಟಿಲ್ಲ ಸ್ವಾಮಿ."

"ನಿದ್ದೆ ಮಾಡುತ್ತಿದ್ದರೇ?"

ದಫೇದಾರರು ಸೆಟೆದು ನಿಂತರು. ಆಂಜಿನಪ್ಪ ಅವರ ಮುಖ ನೋಡಿದ, ಆಮೇಲೆ ಅಧಿಕಾರಿಯ ಕಡೆ ತಿರುಗಿದ.

"ಮಾಡಿದ್ರು ಸ್ವಾಮಿ. ಸುಳ್ಳೇಳಲ್ಲ. ಮೂರು ದಿನ ಮೂರು ರಾತ್ರಿ ಕಣ್ಣು ಮುಚ್ಚದೆ ನಿಂತಿದ್ದೋರು, ಒಂದು ಗಂಟೆ ಮಲಗಿದ್ರು. ಆ ಒಂದು ಗಂಟೆಗೆ ಒಂಬತ್ತು ವರ್ಸ ಕಳೀತೀರಾ? ಹಂಗಾದ್ರೆ ಆ ಮೂರು ರಾತ್ರಿಗೆ ಎಷ್ಟು ವರ್ಸ ಕೂಡಿಸ್ತೀರಾ, ಅದ್ನೂ ಬರ್ಕೊಳ್ಳಿ."

ಅಧಿಕಾರಿ ಮೂಗು ಒರೆಸಿಕೊಂಡರು. ಏನು ಬರೆದುಕೊಂಡರೋ ಆಗ ಗೊತ್ತಾಗಲಿಲ್ಲ. ೧೯೬೩ರ ಮಾರ್ಚಿನಲ್ಲಿ ಆದೇಶ ಬಂತು: ಹದಿನೇಳು ದಿನವನ್ನು ಸೇವೆಯೆಂದೇ ಭಾವಿಸಿ, ಹಿಂದಿನ ಒಂಬತ್ತು ವರ್ಷ ಸೇರಿಸಿಕೊಳ್ಳಬಹುದು. ಪಿಂಚಣಿ ಏರಿದ್ದು ತಿಂಗಳಿಗೆ ಏಳು ರೂಪಾಯಿ ಚಿಲ್ಲರೆ.

ಅಂದು ಟೀ ಅಂಗಡಿಯಲ್ಲಿ ದಫೇದಾರರು ಎಲ್ಲರಿಗೂ ಮಸಾಲೆ ವಡೆ ಕೊಡಿಸಿದರು. ಶ್ರೀನಿವಾಸಪ್ಪ ಎರಡು ತಿಂದರು. ಆರುಮುಗಂ ಒಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದ, ಕೆಮ್ಮಿನ ನಡುವೆ ತಿನ್ನಲಾಗಲಿಲ್ಲ. ಗಣಿಯಿಂದ ಬಂದ ಹಣ ಮಗಳ ಮದುವೆಗೆ, ಉಳಿದದ್ದು ಔಷಧಿಗೆ ಹೋಗಿ ಆಗಲೇ ವರ್ಷವಾಗಿತ್ತು. ಮುಂದಿನ ತಿಂಗಳಿಗೆಂದು ಅವನಿಗೆ ಎಲ್ಲಿಂದಲೂ ಏನೂ ಬರುವಂತಿರಲಿಲ್ಲ. ನಾಲ್ಕು ವರ್ಷ ದಿನವೂ ಆ ಕೆಮ್ಮು ಕೇಳುತ್ತ, ಅದು ನಿಂತ ಮೇಲೆ ತಮ್ಮ ಮಾತು ಮುಂದುವರಿಸುತ್ತಿದ್ದ ದಫೇದಾರರು ಅಂದು ಮುಂದುವರಿಸಲಿಲ್ಲ.

ಮನೆಗೆ ಬರುವ ದಾರಿಯಲ್ಲಿ, "ಮೇಷ್ಟ್ರೇ, ನಂಗೆ ಕಮ್ಮಿ ಕೊಟ್ರು ಅಂತ ನಾಲ್ಕು ವರ್ಸ ಬಡ್ಕೊಂಡೆ. ಅವ್ನು ನನ್ನ ಮುಂದೆ ಕೂತ್ಕೊಂಡೇ ಎಲ್ಲ ಕೇಳ್ದ. ಎಂತ ಮುಂಡೇದು ನಾನು" ಎಂದರು. ಮಾರನೆಯ ದಿನವೇ ಆರುಮುಗಂನ ಎದೆಯ ಕಾಯಿಲೆ ಗಣಿಯ ಧೂಳಿನಿಂದ ಬಂದದ್ದು, ಪರಿಹಾರ ಕೊಡಬೇಕು ಎಂದು ಇನ್ನೊಂದು ಅರ್ಜಿ ಬರೆಸಿದರು. ಕಚೇರಿಗಳಿಗೆ ತಾವೇ ಅಲೆದರು. ಯಾವ ಗುಮಾಸ್ತ ಯಾವಾಗ ಟೀಗೆ ಏಳುತ್ತಾನೆ ಎಂಬುದು ಅಷ್ಟರಲ್ಲಿ ಅವರಿಗೆ ಬಾಯಿಪಾಠವಾಗಿತ್ತು.

ಎಕ್ಸ್‌ರೇ ದಿನ ನಾನೂ ಜೊತೆಗೆ ಹೋಗಿದ್ದೆ. ಆರುಮುಗಂನನ್ನು ಮೆಷಿನ್ನಿನ ಮುಂದೆ ನಿಲ್ಲಿಸಿ ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವನಿಗೆ ಅರ್ಥವಾಗಲಿಲ್ಲ. ದಫೇದಾರರು ಬಾಗಿಲಲ್ಲೇ ನಿಂತು, "ಮೂಚ್ ಪಿಡಿ!" ಎಂದು ಗುಡುಗಿದರು. ಆರುಮುಗಂ ಉಸಿರು ಹಿಡಿದ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹನ್ನೊಂದು ಜನ ರೋಗಿಗಳೂ ಹಿಡಿದರು. ಡಾಕ್ಟರೂ ಹಿಡಿದರೆಂದು ಕಾಣುತ್ತದೆ, ಯಾಕೆಂದರೆ ಸ್ವಲ್ಪ ಹೊತ್ತು ಯಾರೂ ಗುಂಡಿ ಒತ್ತಲಿಲ್ಲ.

೧೯೬೫ರ ಸಂಕ್ರಾಂತಿಯ ಹಿಂದಿನ ದಿನ ಆರುಮುಗಂಗೆ ಪರಿಹಾರ ಮಂಜೂರಾಯಿತು. ದೊಡ್ಡದೇನಲ್ಲ. ಅವನು ಅದರಲ್ಲಿ ಮೊದಲು ಕೊಂಡದ್ದು ಬೆಳಗಿನ ಜಾವ ಬೀಗ ನೋಡಲು ಹೋಗುವ ದಫೇದಾರರಿಗೆ ಒಂದು ಉಣ್ಣೆಯ ಶಾಲು, ಆಮೇಲೆ ಅಮ್ಮಾಜಮ್ಮನಿಗೆ ಒಂದು ರವಿಕೆ ಬಟ್ಟೆ.