ತಿರುಗಿಸಿ ಹಾಕಿ ನೋಡಿ

ಹಾಡಿನ ಅಂಗಡಿಗೆ ಬಂದವರು ಹೆಡ್‌ಫೋನ್ ಬೇಕೆಂದರೆ ಅವಳು ಮೊದಲು ಬೆಲೆ ಹೇಳುತ್ತಿರಲಿಲ್ಲ, ಕಂಪನಿಯ ಹೆಸರನ್ನೂ ಹೇಳುತ್ತಿರಲಿಲ್ಲ. "ಎಲ್ಲಿ ಕೂತು ಕೇಳ್ತೀರಿ?" ಎನ್ನುತ್ತಿದ್ದಳು. ಬಸ್ಸಿನಲ್ಲೋ, ಮನೆಯಲ್ಲೋ, ಅಡುಗೆ ಮಾಡುತ್ತಲೋ? ಅವರು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ತಲೆಯ ಅಗಲ, ಕಿವಿಯ ಆಕಾರ, ಕನ್ನಡಕದ ಕಡ್ಡಿ ಎಲ್ಲವನ್ನೂ ಕಣ್ಣಲ್ಲೇ ಅಳೆದಾಗಿರುತ್ತಿತ್ತು. ಹಿಂದಿನ ಗೋಡೆಯ ಕೊಕ್ಕೆಗಳಲ್ಲಿ ತೂಗುತ್ತಿದ್ದ ಇಪ್ಪತ್ತೆರಡರಲ್ಲಿ ಒಂದನ್ನು ಇಳಿಸಿ, ಮೆತ್ತೆಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಮೊದಲು ತಾನು ಹಾಕಿಕೊಂಡು ಅರ್ಧ ನಿಮಿಷ ಕೇಳುತ್ತಿದ್ದಳು. ಎಡ ಬಲ ಎರಡೂ ಸರಿಯಿದ್ದರೆ ಇನ್ನೊಮ್ಮೆ ಒರೆಸಿ ಗಿರಾಕಿಯ ಕೈಗೆ. ಹನ್ನೊಂದು ವರ್ಷದಿಂದ ಇದೇ ಕ್ರಮ. ಖಾಯಂ ಗಿರಾಕಿಗಳು ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು.

ಬಂದಾಗ ಅವಳಿಗೆ ಹತ್ತೊಂಬತ್ತು. ಸೀಡಿಗಳ ಧೂಳು ಒರೆಸುವುದು, ಚೀಟಿ ಅಂಟಿಸುವುದು ಕೆಲಸ. ಒಂದು ಮಧ್ಯಾಹ್ನ, "ಅಮ್ಮಾ, ಆ ಮೂಲೆಯ ಸ್ಪೀಕರಿನ ವೈರು ಅದಲುಬದಲು ಆಗಿದೆ, ಹಾಡು ಟೊಳ್ಳು ಟೊಳ್ಳಾಗಿ ಬರ್ತಿದೆ" ಎಂದಳು. ಅಂಗಡಿಯ ಯಜಮಾನಮ್ಮ ಏಣಿ ತರಿಸಿ ನೋಡಿಸಿದರೆ ಮಾತು ನಿಜ. ಸೀಡಿಗಳನ್ನು ಕೇಳುವವರಿಲ್ಲದೆ ಇಬ್ಬರನ್ನು ಕೆಲಸದಿಂದ ಬಿಡಿಸಿದ ದಿನವೂ ಯಜಮಾನಮ್ಮ ಇವಳನ್ನು ಮಾತ್ರ ಉಳಿಸಿಕೊಂಡರು. "ಈ ಹುಡುಗಿ ಹೋದ್ರೆ ಹೋಗ್ಲಿ, ಇವಳ ಕಿವಿ ನಂಗೆ ಬೇಕು" ಎಂದು ನಗಿಸಿದ್ದರು.

ಕೊಂಡ ಮೇಲೆ ತಕರಾರು ಹೊತ್ತು ಬರುವವರಿಗೂ ಅವಳೇ. "ಒಂದು ಕಡೆ ಸದ್ದೇ ಕಡಿಮೆ, ಏನ್ ಮಾಲು ಕೊಟ್ಟಿದ್ದೀರಿ?" ಎಂದು ಹಾರಾಡುವವರ ಮುಂದೆ ಅವಳು ದನಿ ಏರಿಸುತ್ತಿರಲಿಲ್ಲ. "ಒಂದ್ಸಲ ತಿರುಗಿಸಿ ಹಾಕಿ ನೋಡಿ. ಎಡಗಿವಿದು ಬಲಕ್ಕೆ, ಬಲದ್ದು ಎಡಕ್ಕೆ." ಕಡಿಮೆಯ ಕಡೆಯೂ ಜೊತೆಗೆ ತಿರುಗಿತೋ, ವಸ್ತುವಿನ ದೋಷ, ಅಲ್ಲೇ ಹೊಸದು ಕೊಡುತ್ತಿದ್ದಳು. ತಿರುಗದೆ ಇದ್ದಲ್ಲೇ ಉಳಿಯಿತೋ, ದೋಷ ಕಿವಿಯದು. ಆಗ ಅವಳ ಮಾತು ಇನ್ನೂ ಮೆತ್ತಗಾಗುತ್ತಿತ್ತು. "ಶೀತ ಗೀತ ಆಗಿರ್ಬೇಕು. ಕಿವಿ ಡಾಕ್ಟರಿಗೆ ಒಮ್ಮೆ ತೋರಿಸ್ಕೊಂಡು ಬನ್ನಿ, ಆಮೇಲೂ ಬೇಡ ಅಂದ್ರೆ ನಾನಿದ್ದೀನಲ್ಲ."

ಹೀಗೆ ಊರಿಗೆಲ್ಲ ಹೇಳಿಕೊಟ್ಟವಳು ಈಗ ಎರಡು ತಿಂಗಳಿಂದ ತಾನು ಮಾತ್ರ ತಿರುಗಿಸಿ ಹಾಕಿಕೊಂಡಿರಲಿಲ್ಲ.

ಹೊಸ ಕಂಪನಿಯ ನಲವತ್ತು ಡಬ್ಬಗಳು ಬಂದಿದ್ದವು. ಪದ್ಧತಿಯಂತೆ ಒಂದನ್ನು ಬಿಚ್ಚಿ ಕೇಳಿದಳು. ಎಡಗಡೆ ಹತ್ತಿ ತುರುಕಿದ ಹಾಗೆ. 'ಎಡಗಡೆ ಸದ್ದು ಕಡಿಮೆ' ಎಂದು ಚೀಟಿ ಬರೆದು ವಾಪಸಿನ ಪೆಟ್ಟಿಗೆಗೆ ಹಾಕಿದಳು. ಎರಡನೆಯದೂ ಹಾಗೆಯೇ. ಮೂರನೆಯದೂ. ಗೋಡೆಯ ಮೇಲಿನ ಹಳೆಯವೂ ಎಡಗಡೆ ಮಂಕಾಗಿಯೇ ಕೇಳುತ್ತಿದ್ದವು. ಅವು ದಿನಕ್ಕೆ ನೂರು ತಲೆ ಏರಿ ಇಳಿದಂಥವು, ಸವೆದಿರಬೇಕು ಎಂದುಕೊಂಡಳು. ಹೊಸವು? ಮಾಲೇ ಕೆಟ್ಟದ್ದು. ತಿರುಗಿಸಲು ಕೈ ಹೋಗುತ್ತಿತ್ತು, ಅರ್ಧದಲ್ಲೇ ಇಳಿಯುತ್ತಿತ್ತು. ತಿರುಗಿಸದಿದ್ದಷ್ಟು ದಿನ ತಪ್ಪು ಡಬ್ಬದೊಳಗಿನದೇ ತಾನೇ?

ಮನೆಯಲ್ಲಿ ನಾಲ್ಕು ವರ್ಷದ ಮಗಳು ಸ್ನಾನದ ಬಾನಿಯಿಂದ ಇವಳ ಎಡಗಿವಿಗೆ ಬಗ್ಗಿ ಏನೋ ಗುಟ್ಟು ಹೇಳಿದಳು. ಇವಳು "ಹೂಂ ಕಂದ" ಎಂದು ಬೆನ್ನು ಉಜ್ಜಿದಳು.

"ಹೂಂ ಅಂದ್ಯಲ್ಲ, ನಾನೇನ್ ಹೇಳ್ದೆ ಹೇಳು ನೋಡೋಣ?"

ಬಾಗಿಲಲ್ಲಿ ಟವಲು ಹಿಡಿದು ನಿಂತಿದ್ದ ಅತ್ತೆ ನಕ್ಕರು. "ಬಲಗಡೆಯಿಂದ ಹೇಳು ಪುಟ್ಟಿ. ಎಡಗಡೆಯಿಂದ ಕರೆದ್ರೆ ನಿಮ್ಮಮ್ಮ ಮಹಾರಾಣಿ, ತಿರುಗಿ ಸಹ ನೋಡಲ್ಲ."

ಅತ್ತೆ ತಮಾಷೆಗೆಂದ ಮಾತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅವಳ ಸೋಪಿನ ಕೈ ತಾನಾಗಿ ಎಡಗಿವಿಗೆ ಹೋಯಿತು. ಮರುದಿನ ಅಂಗಡಿಯಲ್ಲಿ ತನ್ನ ಸ್ಟೂಲನ್ನು ಕೌಂಟರಿನ ಆ ತುದಿಯಿಂದ ಈ ತುದಿಗೆ ಎಳೆದುಕೊಂಡಳು, ಬರುವವರೆಲ್ಲ ಬಲಕ್ಕೇ ಬರುವಂತೆ. ಯಾಕೆ ಎಂದು ಯಾರಾದರೂ ಕೇಳಿದರೆ ಹೇಳಲು ಫ್ಯಾನಿನ ಗಾಳಿಯ ನೆಪವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು. ಯಾರೂ ಕೇಳಲಿಲ್ಲ.

ವಾಪಸಿನ ಪೆಟ್ಟಿಗೆಗೆ ಏಳು ಬಿದ್ದವು. ಯಜಮಾನಮ್ಮ ಏಳನ್ನೂ ಕಂಪನಿಗೆ ಕಳಿಸಿ, ಉಳಿದ ಮಾಲನ್ನೂ ಎತ್ತಿಕೊಂಡು ಹೋಗಿ ಎಂದು ಖಾರವಾಗಿ ಕಾಗದ ಬರೆದರು. ಶನಿವಾರ ಬೆಳಿಗ್ಗೆ ಕಂಪನಿಯ ಏಜೆಂಟು ಬಂದ. ಬೆನ್ನ ಮೇಲೆ ಅಂಗಿ ಒದ್ದೆಯಾಗಿತ್ತು. ಬ್ಯಾಗಿನಿಂದ ಅದೇ ಏಳನ್ನು ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟ.

"ಏಳನ್ನೂ ಮಷೀನಿಗೆ ಹಾಕಿ ನೋಡಿದ್ದಾರೆ ಮೇಡಂ. ಒಂದರಲ್ಲೂ ದೋಷ ಇಲ್ಲ."

"ನಿಮ್ಮ ಮಷೀನು ನಿನ್ನೆ ಮೊನ್ನೆಯದು. ನಮ್ಮ ಕಿವಿಯಕ್ಕನದು ಹನ್ನೊಂದು ವರ್ಷದ ಕಿವಿ" ಎಂದರು ಯಜಮಾನಮ್ಮ.

ಹೊಗಳಿಕೆ ಅವಳಿಗೆ ಮುಳ್ಳಿನಂತೆ ನೆಟ್ಟಿತು. ಏಜೆಂಟು ತಲೆ ಕೆರೆದುಕೊಂಡ. "ಬೇಜಾರ್ ಮಾಡ್ಕೋಬೇಡಿ ಅಕ್ಕ. ಕುಣಿಯಕ್ಕೆ ಬರದವ್ರು ನೆಲ ಡೊಂಕು ಅಂದ ಹಾಗಾಯ್ತು."

"ನಾಲಿಗೆ ಹಿಡಿದು ಮಾತಾಡಪ್ಪ!" ಎಂದು ಯಜಮಾನಮ್ಮ ಗದರಿದರು.

"ನನ್ನ ಕಷ್ಟ ನಂಗೆ ಮೇಡಂ. ಈ ಮಾಲು ಇಲ್ಲಿಗೆ ತಂದವನು ನಾನು. ನಲವತ್ತೂ ವಾಪಸ್ ಹೊತ್ಕೊಂಡು ಹೋದ್ರೆ, ಸೋಮವಾರ ಈ ಬ್ಯಾಗು ಇನ್ನೊಬ್ಬರ ಹೆಗಲ ಮೇಲಿರುತ್ತೆ."

ಯಜಮಾನಮ್ಮ ಒಂದನ್ನು ಎತ್ತಿ ಇವಳ ಕಡೆ ಚಾಚಿದರು. "ಹಾಕ್ಕೋ. ಇವನ ಎದುರೇ ಹೇಳಿಬಿಡು."

ಹಾಕಿಕೊಂಡಳು. ಬಲಗಡೆ ಹಾಡು ಮುಖಕ್ಕೆ ಮುಖ ಕೊಟ್ಟು ಹಾಡಿತು. ಎಡಗಡೆ ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿದ್ದಂತಿತ್ತು.

"ಎಡಗಡೆ ಕಡಿಮೆ ತಾನೇ?"

"ಹೌದು."

"ಕೇಳಿಸ್ತಾ?" ಯಜಮಾನಮ್ಮ ಏಜೆಂಟಿನ ಕಡೆ ತಿರುಗಿದರು. ಮುಗಿಯಿತು. ಇನ್ನು ಅವಳು ಸುಮ್ಮನಿದ್ದರೆ ಸಾಕು. ಅವನು ಒಂದೊಂದನ್ನೇ ವೈರು ಸುತ್ತಿ ಬ್ಯಾಗಿಗೆ ಇಳಿಸತೊಡಗಿದ. ವೈರನ್ನು ಎಷ್ಟು ಜೋಪಾನವಾಗಿ ಸುತ್ತುತ್ತಿದ್ದನೆಂದರೆ, ಮಕ್ಕಳಿರುವವನೇ ಇರಬೇಕು ಅನಿಸಿತು ಅವಳಿಗೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆ ಸದ್ದು ಮಾತ್ರ ಎರಡೂ ಕಿವಿಗೆ ಸಮಸಮ ಕೇಳುತ್ತಿತ್ತು.

"ಒಂದ್ನಿಮಿಷ ಇರಿ" ಎಂದಳು.

ತಲೆಯ ಮೇಲಿದ್ದುದನ್ನು ತೆಗೆದಳು. ತಿರುಗಿಸಿದಳು. ಹಾಕಿಕೊಂಡಳು.

ಪಕ್ಕದ ಮನೆಯವರು ಜಾಗ ಬಿಟ್ಟು ಕದಲಲಿಲ್ಲ. ಎಡಗಡೆಯೇ.

ಎರಡನೆಯದನ್ನು ಬ್ಯಾಗಿನಿಂದ ತಾನೇ ಎಳೆದುಕೊಂಡಳು. ನೇರ, ಆಮೇಲೆ ತಿರುವು. ಮೂರನೆಯದು. ನಾಲ್ಕನೆಯದರ ಹೊತ್ತಿಗೆ ಯಜಮಾನಮ್ಮನ ಮುಖ ಬದಲಾಗಿತ್ತು. "ಸಾಕು ಬಿಡೆ" ಎಂದು ಅವಳ ಮೊಣಕೈ ಹಿಡಿದರು.

"ಇನ್ನೂ ಮೂರಿವೆ ಅಮ್ಮ." ಏಳನ್ನೂ ಮುಗಿಸಿ ಕೌಂಟರಿನ ಮೇಲಿಟ್ಟಳು. "ಮಾಲು ಚೆನ್ನಾಗಿದೆ. ಏಳೂ ಚೆನ್ನಾಗಿವೆ. ಕೆಟ್ಟಿರೋದು ನನ್ನ ಎಡಗಿವಿ."

ಏಜೆಂಟಿಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. "ಅಕ್ಕ, ನಾನು ನೆಲ ಡೊಂಕು ಅಂದಿದ್ದು ಸುಮ್ನೆ, ಬಾಯಿಗೆ ಬಂತು ಅಂತ..."

"ಸರಿಯಾಗೇ ಬಂತು ಬಿಡಿ" ಎಂದು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

ಅವನು ಹೋದ ಮೇಲೆ ಯಜಮಾನಮ್ಮ ಅಂಗಡಿಯ ಹಾಡನ್ನು ಆರಿಸಿದರು. "ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಊರೋರನ್ನೆಲ್ಲ ಡಾಕ್ಟರ ಹತ್ರ ಅಟ್ಟುತ್ತಿದ್ದೆಯಲ್ಲ, ನಿನ್ನ ಕಾಲಿಗೇನ್ ಬಂದಿತ್ತು?"

"ಭಯ ಅಮ್ಮ. ಈ ಕಿವಿ ನೋಡಿ ತಾನೇ ನೀವು ನನ್ನ ಇಟ್ಕೊಂಡಿದ್ದು?"

ಯಜಮಾನಮ್ಮ ಏಳು ಹೆಡ್‌ಫೋನುಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕಿದರು. "ಇವತ್ತೇ ಹೋಗು. ಅತ್ತೇನ ಕರ್ಕೊಂಡು ಹೋಗು. ಡಾಕ್ಟರು ಹೇಳಿದ್ದನ್ನ ನಂಗೆ ಬಂದು ಹೇಳು, ಮುಚ್ಚಿಟ್ಟೀಯಾ ಜೋಕೆ" ಎಂದಷ್ಟೇ ಹೇಳಿದರು. ಆ ಮಾತನ್ನು ಅವಳು ಅತ್ತೆಯೊಂದಿಗೆ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಮಗುಚಿ ಮಗುಚಿ ನೋಡಿದಳು. ಕೆಲಸ ಉಳಿಯಿತು ಎಂದೂ ಕಾಣಲಿಲ್ಲ, ಹೋಯಿತು ಎಂದೂ ಕಾಣಲಿಲ್ಲ.

ಡಾಕ್ಟರು ಕಿವಿಯೊಳಗೆ ದೀಪ ಹಾಕಿ ನೋಡಿದರು. ಗುಗ್ಗೆ ಇರಲಿ, ಗುಗ್ಗೆಯೇ ಇರಲಿ ಎಂದು ಅವಳು ಮನಸ್ಸಿನಲ್ಲಿ ಜಪಿಸುತ್ತಿದ್ದಳು. "ಕ್ಲೀನಾಗಿದೆ" ಎಂದರು ಅವರು. ಜೀವನದಲ್ಲಿ ಮೊದಲ ಸಲ ಆ ಮಾತು ಕೇಳಿ ಅವಳಿಗೆ ಅಳು ಬಂತು. "ಎಷ್ಟು ಕೇಳುತ್ತೆ ಅಂತ ಪರೀಕ್ಷೆ ಮಾಡೋಣ. ಔಷಧಿಗೆ ಬಗ್ಗುತ್ತೋ, ಕಿವಿಗೆ ಹಾಕೋ ಮಷೀನು ಬೇಕೋ, ಆಮೇಲೆ ಹೇಳ್ತೀನಿ."

ಗೋಡೆಗಳಿಗೆಲ್ಲ ಸ್ಪಂಜು ಹೊಡೆದ, ಕಪಾಟಿನಷ್ಟೇ ದೊಡ್ಡ ಕೋಣೆ. ಪರೀಕ್ಷೆಯ ಹುಡುಗಿ ಅವಳ ತಲೆಗೆ ಹೆಡ್‌ಫೋನ್ ಏರಿಸಿ, ಕೈಗೊಂದು ಗುಂಡಿ ಕೊಟ್ಟಳು. "ಸದ್ದು ಕೇಳಿದ್ರೆ ಒತ್ತಿ. ಎಷ್ಟು ಸಣ್ಣದಾದ್ರೂ ಸರಿ. ಸುಮ್‌ಸುಮ್ನೆ ಮಾತ್ರ ಒತ್ತಬೇಡಿ." ಬಾಗಿಲು ಮುಚ್ಚಿತು. ಗಾಜಿನ ಕಿಟಕಿಯ ಆಚೆ ಹುಡುಗಿ ತನ್ನ ಮಷೀನಿನ ಮುಂದೆ ಕೂತಳು.

ಬಲಗಿವಿಯದು ಸಲೀಸಾಗಿ ಮುಗಿಯಿತು. ಎಡಗಿವಿ ಶುರುವಾದಾಗ ಬರೀ ಮೌನ. ಅಷ್ಟರಲ್ಲಿ ಅವಳ ಕಣ್ಣಿಗೊಂದು ಬಿತ್ತು: ಸದ್ದು ಕಳಿಸುವಾಗಲೆಲ್ಲ ಹುಡುಗಿಯ ಹೆಬ್ಬೆರಳು ಒಂದಿಷ್ಟು ಕೆಳಗೆ ಹೋಗುತ್ತಿತ್ತು. ಬೆರಳು ಇಳಿದಾಗ ಒತ್ತಿದರಾಯಿತು. ಕಾಗದದ ಮೇಲೆ ಎರಡೂ ಕಿವಿ ಸಮ. ಸೋಮವಾರ ಮತ್ತೆ ಕೌಂಟರು, ಮತ್ತೆ ಕಿವಿಯಕ್ಕ. ಬೆರಳು ಇಳಿಯಿತು. ಅವಳ ಹೆಬ್ಬೆರಳೂ ಗುಂಡಿಯ ಮೇಲೆ ಬಿಗಿಯಾಯಿತು.

ಅವಳು ಕಣ್ಣು ಮುಚ್ಚಿಕೊಂಡಳು.

ಕತ್ತಲೆಯಲ್ಲಿ ಮೌನ ಇನ್ನೂ ದೊಡ್ಡದಾಯಿತು. ಎಷ್ಟೋ ಹೊತ್ತಾದ ಮೇಲೆ, ತುಂಬ ಆಚೆ, ಸೂಜಿಮೊನೆಯಷ್ಟು ಏನೋ ಚುಚ್ಚಿ ಹೋಯಿತು. ಬಂತೋ, ಬರಲಿ ಎಂಬ ಆಸೆಗೆ ಬಂದಂತಾಯಿತೋ? ಅವಳು ಒತ್ತಲಿಲ್ಲ. ಉಸಿರು ಹಿಡಿದು ಕಾದಳು. ಇನ್ನೊಮ್ಮೆ ಬಂತು, ಈ ಸಲ ತುಸು ಗಟ್ಟಿಯಾಗಿ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ.

ಆಗ ಒತ್ತಿದಳು.