ಆರ್ವಿಡ್‌ನ ಗಿಲೀಟು ಗುಂಡು

ಆರ್ವಿಡ್ ಸ್ಟೆನ್ಸ್‌ರುಡ್ ಮೂವತ್ತೊಂದು ವರ್ಷ ಮರದ ಮಿಲ್ಲಿನಲ್ಲಿ ಗರಗಸದ ಹಲ್ಲು ಹರಿತ ಮಾಡಿದವನು. ಕೂದಲೆಳೆಯಷ್ಟು ಓರೆಯಿದ್ದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಮಿಲ್ಲು ಮುಚ್ಚಿದ ಮೇಲೆ ಆ ಕಣ್ಣನ್ನೂ ಕೈಯನ್ನೂ ತೋಟಾ ಕಟ್ಟುವುದಕ್ಕೆ ತಿರುಗಿಸಿದ. ಮೊಂಟಾನಾದ ಆ ಕಣಿವೆಯಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ. ಹಿಮ ಬಿದ್ದರೆ ಸಾಕು, ಅರ್ಧ ಊರಿನ ಗ್ಯಾರೇಜುಗಳಲ್ಲಿ ಯಾರಾದರೊಬ್ಬರು ಹಳೇ ಹಿತ್ತಾಳೆ ತೋಟಾಗಳಿಗೆ ಹೊಸ ಮದ್ದು ತುಂಬಿ, ಬಾಯಿಗೆ ಗುಂಡು ಕೂರಿಸುತ್ತಿರುತ್ತಾರೆ. ಆದರೆ ಆರ್ವಿಡ್ ಹಟಕ್ಕೆ ಬಿದ್ದದ್ದು ಗಿಲೀಟು ಗುಂಡಿನ ವಿಷಯದಲ್ಲಿ.

ಗಿಲೀಟು ಗುಂಡೆಂದರೆ ಒಳಗೆಲ್ಲ ಮೆತ್ತನೆಯ ಸೀಸ, ಮೇಲೆ ಈರುಳ್ಳಿ ಸಿಪ್ಪೆಯಂಥ ತಾಮ್ರದ ಲೇಪ. ಪಿಸ್ತೂಲಿಗೆ ಅಡ್ಡಿಯಿಲ್ಲ. ರೈಫಲ್ಲಿನಲ್ಲಿ ವೇಗ ಒಂಚೂರು ಹೆಚ್ಚಾದರೂ ಲೇಪ ಹರಿದು, ಗುಂಡು ಕುಡಿದವನ ಹಾಗೆ ಎತ್ತಲೋ ಹೋಗುತ್ತದೆ.

"ಬಿಟ್ಹಾಕೋ ಮಾರಾಯ," ಅಂದಿದ್ದ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ಡ್ವೇನ್, ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ. "ಅದರಲ್ಲಿ ಗುರಿ ಹಿಡಿಯೋದೂ ಒಂದೇ, ಕಣ್ಮುಚ್ಚಿ ಕಲ್ಲೆಸೆಯೋದೂ ಒಂದೇ."

"ನೋಡ್ತಿರು," ಅಂದ ಆರ್ವಿಡ್.

ಏಪ್ರಿಲ್ ಕೊನೆಯ ಶನಿವಾರ ತೋರಿಸಿಯೇಬಿಟ್ಟ. ನೂರು ಗಜ ದೂರದಿಂದ ಐದು ಗುಂಡು. ಐದೂ ತೂತು ಒಂದು ಬಿಯರ್ ಬಾಟಲಿಯ ಮುಚ್ಚಳದಡಿ ಅಡಗುವಷ್ಟು ಹತ್ತಿರ. ಡ್ವೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆ ಗುರಿಕಾಗದಕ್ಕೆ ಚೌಕಟ್ಟು ಹಾಕಿಸಿ ಕ್ಲಬ್ಬಿನ ಗೋಡೆಗೆ ತೂಗುಹಾಕಿದರು. ಕೆಳಗೆ ದಪ್ಪಕ್ಷರದಲ್ಲಿ ಅವನ ಹೆಸರು.

ಆಮೇಲೆ ಅದು ಮತ್ತೆ ಆಗಲೇ ಇಲ್ಲ. ಅದೇ ಮದ್ದು, ಅದೇ ತೂಕ, ಅದೇ ಗುಂಡು. ತೂತುಗಳು ಮಾತ್ರ ಊಟದ ತಟ್ಟೆಯಗಲ ಚೆದುರುತ್ತಿದ್ದವು. ಮೂರು ವಾರ ಒದ್ದಾಡಿದ. ಕೊನೆಗೆ, ಏಪ್ರಿಲ್‌ನ ಆ ಶನಿವಾರ ಹೊಡೆಯದೆ ಉಳಿದಿದ್ದ ಒಂದೇ ಒಂದು ತೋಟಾದ ಗುಂಡನ್ನು ಕಿತ್ತು, ಅರದಿಂದ ಉಜ್ಜಿದ. ಗಿಲೀಟಾಗಿದ್ದರೆ ಎರಡು ಉಜ್ಜಿಗೆ ಬೂದುಬಣ್ಣದ ಸೀಸ ಕಾಣಬೇಕಿತ್ತು. ಎಷ್ಟು ಉಜ್ಜಿದರೂ ತಾಮ್ರ. ಅದು ದಪ್ಪ ತಾಮ್ರದ ಕವಚದ ಮಾಮೂಲಿ ರೈಫಲ್ ಗುಂಡು. ಎರಡೂ ಒಂದೇ ತೂಕದವು, ಹೆಚ್ಚುಕಡಿಮೆ ಒಂದೇ ರೂಪದವು. ಆ ತೋಟಾಗಳನ್ನು ಕಟ್ಟುವಾಗ ಅವನ ಕೈ ಬೇರೆ ಡಬ್ಬಕ್ಕೆ ಹೋಗಿತ್ತು.

ಕಿವಿಯವರೆಗೂ ಬಿಸಿಯೇರಿತು. ಶನಿವಾರ ಹೇಳಿಬಿಡಬೇಕು ಅಂದುಕೊಂಡ. ಶನಿವಾರ ಡ್ವೇನ್ ಪಕ್ಕದೂರಿನ ಕ್ಲಬ್ಬಿನವರನ್ನು ಗೋಡೆಯ ಮುಂದೆ ನಿಲ್ಲಿಸಿ, "ನಮ್ಮ ಆರ್ವಿಡ್!" ಎಂದು ಹೆಗಲಿಗೆ ಕೈ ಹಾಕಿದ. ಆರ್ವಿಡ್ ನಕ್ಕ. ಮುಂದಿನ ಶನಿವಾರ ಹೇಳುವುದು ಇನ್ನೂ ಕಷ್ಟವಾಯಿತು. ಅದರ ಮುಂದಿನದು ಮತ್ತೂ ಕಷ್ಟ.

ಜೂನ್‌ನಲ್ಲಿ ಲವರ್ನ್ ಪಿಕೆಟ್ ಅವನ ಗ್ಯಾರೇಜಿಗೆ ಬಂದಳು. ಎಪ್ಪತ್ತೆರಡು ವರ್ಷದ ವಿಧವೆ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವಳು. ಕ್ಲಬ್ಬಿನಲ್ಲಿ ವರ್ಷವರ್ಷವೂ ನಡೆಯುವ ಆಗಸ್ಟಿನ ಪಂದ್ಯದಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕುತ್ತಿದ್ದವಳು.

"ಈ ಸಲ ನಿನ್ನ ಗಿಲೀಟು ಗುಂಡೇ ಹೊಡೀತೀನಿ ಕಣೋ. ಮದ್ದೆಷ್ಟು, ತೂಕ ಎಷ್ಟು, ಲೆಕ್ಕ ಬರ್ಕೊಡು," ಅಂದಳು.

ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆರ್ವಿಡ್ ಪೆನ್ಸಿಲ್ ಹುಡುಕಿ, ಚೀಟಿ ಬರೆದು ಕೊಟ್ಟ.

ಆಗಸ್ಟಿನ ಪಂದ್ಯಕ್ಕೆ ಲವರ್ನ್ ಬರಲಿಲ್ಲ. ಮರುದಿನ ಅವನು ಅವಳ ಮನೆಗೆ ಹೋದ. ಅಂಗಳದಲ್ಲಿ ಯಾವಾಗಲೂ ನಿಂತಿರುತ್ತಿದ್ದ ಹಸಿರು ಟ್ರಕ್ ಇರಲಿಲ್ಲ. ಅಡುಗೆಮನೆಯಲ್ಲಿ ಕಾಡುಚೆರ್ರಿಯ ಜೆಲ್ಲಿ ಕುದಿಯುತ್ತಿತ್ತು.

"ಕಣ್ಣು ಹೋಯ್ತು ಆರ್ವಿಡ್," ಅಂದಳು ಸೌಟು ತಿರುಗಿಸುತ್ತ. "ನಿನ್ನ ಲೆಕ್ಕದಂತೆಯೇ ಕಟ್ಟಿದೆ. ಗುರಿಹಲಗೆ ತುಂಬ ತೂತು ಚೆಲ್ಲಾಪಿಲ್ಲಿ. ಸ್ವಲ್ಪ ಪೊರೆ ಇದೆ, ಭಯ ಇಲ್ಲ ಅಂದ ಡಾಕ್ಟರ್. ಅವನಿಗೇನು ಗೊತ್ತು, ಹಲಗೆ ಸುಳ್ಳು ಹೇಳುತ್ತಾ? ಇಂಥ ಕಣ್ಣಿಟ್ಕೊಂಡು ರಸ್ತೇಲಿ ಯಾರ ಮಗೂನಾದ್ರೂ ಗುದ್ದಿಬಿಟ್ರೆ? ನಾನೇ ಜೋಲೀನ್‌ನ ಕರೆದು ಗಾಡಿ ಕೀಲಿ ಕೊಟ್ಬಿಟ್ಟೆ."

ಜೋಲೀನ್ ಅವಳ ಮಗಳು, ನೂರು ಮೈಲಿ ಆಚೆ ಇರುವವಳು. ಆರ್ವಿಡ್‌ನ ಬಾಯಿಂದ ಬಂದದ್ದು ಇಷ್ಟು: "ವಯಸ್ಸಾಯ್ತಲ್ಲ ಲವರ್ನ್. ಎಲ್ಲರಿಗೂ ಆಗೋದೇ."

ಅವಳು ಹೌದೆಂದು ತಲೆಯಾಡಿಸಿದಳು. ಹೊರಡುವಾಗ ಅವನ ಕೈಗೊಂದು ಬಿಸಿ ಜೆಲ್ಲಿ ಬಾಟಲಿ ಕೊಟ್ಟಳು.

ಆ ಬಾಟಲಿಯನ್ನು ಅವನು ಮನೆಯೊಳಗೆ ತರಲಾರದೆ ಗಾಡಿಯಲ್ಲೇ ಬಿಟ್ಟ. ಮೂರನೆಯ ದಿನ ಬೆಳಿಗ್ಗೆ ಮತ್ತೆ ಅವಳ ಅಡುಗೆಮನೆಯಲ್ಲಿ ನಿಂತಿದ್ದ.

"ನಿನ್ನ ಕಣ್ಣು ಸರಿಯಾಗೇ ಇದೆ."

"ಯಾವಾಗ ಡಾಕ್ಟರಾದ್ಯೋ?"

ಹೇಳಿದ. ಡಬ್ಬ, ಅರ, ತಾಮ್ರ, ಎಲ್ಲ. ಅವಳು ಕೈ ಒರೆಸಿಕೊಂಡು ಕುಳಿತಳು.

"ನಿಂಗೆ ಯಾವತ್ತು ಗೊತ್ತಾಯ್ತು?"

"ಮೇ ತಿಂಗಳಲ್ಲಿ."

"ಚೀಟಿ ಬರ್ಕೊಟ್ಟಿದ್ದು ಜೂನಲ್ಲಿ."

"ಹೌದು, ಜೂನಲ್ಲಿ," ಅಂದ ಆರ್ವಿಡ್.

"ಮೊನ್ನೆ ಇದೇ ಜಾಗದಲ್ಲಿ ನಿಂತು ವಯಸ್ಸಾಯ್ತು ಅಂದ್ಯಲ್ಲೋ."

"ಅಂದೆ."

"ನಾನೂ ಹೌದು ಅಂತ ತಲೆ ಆಡಿಸ್ದೆ." ಅವಳ ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಶನಿವಾರ ಎಲ್ಲರ ಮುಂದೆ ಹೇಳ್ತೀಯ. ನಾನೂ ಬರ್ತೀನಿ. ನೀನೇ ಬಂದು ಕರ್ಕೊಂಡು ಹೋಗು, ನನ್ನ ಹತ್ರ ಗಾಡಿ ಇಲ್ವಲ್ಲ."

ಶನಿವಾರ ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತ ಕುಳಿತಳು. ಕ್ಲಬ್ಬಿನಲ್ಲಿ ಆರ್ವಿಡ್ ಗೋಡೆಯಿಂದ ಚೌಕಟ್ಟು ಇಳಿಸಿ, ಎದೆಗವಚಿಕೊಂಡು, ನಡೆದದ್ದನ್ನು ಹೇಳಿದ. ಯಾರಾದರೂ ನಕ್ಕುಬಿಡಲಿ ಎಂದು ಒಳಗೊಳಗೇ ಬೇಡಿಕೊಂಡ. ಯಾರೂ ನಗಲಿಲ್ಲ. ಮೂಲೆಯಿಂದ ಒಬ್ಬ, "ನಿನ್ನ ಲೆಕ್ಕ ನಂಬಿ ನಾನೂ ಕಟ್ಟಿದ್ದೆ. ಗುಂಡು ಚೆದುರಿದ್ದಕ್ಕೆ ರೈಫಲ್ಲೇ ಕೆಟ್ಟಿದೆ ಅಂತ ನಳಿಗೆ ಬದಲಾಯಿಸ್ದೆನಲ್ಲೋ," ಅಂದ. ಡ್ವೇನ್ ಕಾಫಿ ಲೋಟ ಕೆಳಗಿಟ್ಟ. "ಮೊದಲ ವಾರ ಹೇಳಿದ್ರೆ ಒಂದು ತಮಾಷೆ ಆಗಿರ್ತಿತ್ತು," ಅಂದ, ಅಷ್ಟೇ.

ಲವರ್ನ್ ಎದ್ದು ಡ್ವೇನ್‌ನಿಂದ ಅವನ ರೈಫಲ್ಲನ್ನೂ ಐದು ಮಾಮೂಲಿ ತೋಟಾಗಳನ್ನೂ ಕೇಳಿ ತೆಗೆದುಕೊಂಡಳು. ಹೊರಗೆ ಗುರಿ ಹಿಡಿಯುವ ಬೆಂಚಿನ ಮೇಲೆ ಮೊಣಕೈ ಊರಿ, ಅವಸರವಿಲ್ಲದೆ ಐದೂ ಹೊಡೆದಳು. ಐದೂ ಒಂದು ಮುಷ್ಟಿಯಗಲದೊಳಗೆ. ಕಾಗದವನ್ನು ಬಹಳ ಹೊತ್ತು ನೋಡಿ, ಮಡಚಿ, ಕೈಚೀಲಕ್ಕೆ ಹಾಕಿಕೊಂಡಳು.

"ಇದನ್ನ ಜೋಲೀನ್‌ಗೆ ತೋರಿಸ್ಬೇಕು," ಅಂದಳು. ವಾಪಸು ಡ್ವೇನ್‌ನ ಗಾಡಿಯಲ್ಲಿ ಹೋದಳು.

ಆ ಚಳಿಗಾಲ ಆರ್ವಿಡ್ ಮೊದಲಿನಿಂದ ಶುರುಮಾಡಿದ. ಡಬ್ಬಗಳನ್ನು ಬೇರೆ ಬೇರೆ ಕಪಾಟಿನಲ್ಲಿಟ್ಟ. ವೇಗ ಇಳಿಸಿದ, ತೋಟಾದ ಬಾಯಿ ಲೇಪವನ್ನು ಕೊರೆಯದಂತೆ ಗುಂಡನ್ನು ಹಗುರಾಗಿ ಹಿಡಿಸಿದ. ತಟ್ಟೆಯಗಲವಿದ್ದದ್ದು ತಿಂಗಳುಗಳ ಮೇಲೆ ಅಂಗೈಯಗಲಕ್ಕೆ ಬಂದು ನಿಂತಿತು, ಅದಕ್ಕಿಂತ ಕಿರಿದಾಗಲಿಲ್ಲ. ಹಾಳೆಯಲ್ಲಿ ಕೆಟ್ಟ ದಿನಗಳನ್ನೂ ಬಿಡದೆ ಬರೆದು, ಮಾರ್ಚ್‌ನಲ್ಲಿ ಲವರ್ನ್‌ಳ ಬಾಗಿಲು ತಟ್ಟಿದ. ಹಸಿರು ಟ್ರಕ್ ಅಂಗಳಕ್ಕೆ ಮರಳಿ ಬಂದಿತ್ತು.

ಅವಳು ಹೊಸ್ತಿಲಲ್ಲೇ ನಿಂತು ಓದಿದಳು. "ಇದರಲ್ಲಿ ನಿಜ ಎಷ್ಟು?"

"ಎಲ್ಲಾನೂ."

"ಅಂಗೈಯಗಲ ಅಷ್ಟೇನಾ?"

"ಅಷ್ಟೇ."

"ಕಟ್ಟಿ ನೋಡ್ತೀನಿ," ಎಂದು ಬಾಗಿಲು ಮುಂದೆ ಮಾಡಿಕೊಂಡಳು. ಒಳಗೆ ಕರೆಯಲಿಲ್ಲ.

ಈಗ ದಾರಿಯಲ್ಲಿ ಅವಳ ಟ್ರಕ್ ಎದುರಾದರೆ, ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಾಳೆ. ಆ ಕಣಿವೆಯಲ್ಲಿ ಗುರುತಿಲ್ಲದವರಿಗೂ ಎಲ್ಲರೂ ಹಾಗೆ ಎತ್ತುತ್ತಾರೆ. ಮೊದಲೆಲ್ಲ ಅವಳು ಗಾಡಿ ನಿಲ್ಲಿಸಿ, ಗಾಜು ಇಳಿಸಿ, ಹತ್ತು ನಿಮಿಷ ಅವನ ಕಾಲೆಳೆಯುತ್ತಿದ್ದಳು. ಆರ್ವಿಡ್ ತಾನೂ ಒಂದು ಬೆರಳೆತ್ತುತ್ತಾನೆ. ಟ್ರಕ್ ತಿರುವು ದಾಟಿ ಎಷ್ಟೋ ಹೊತ್ತಾದರೂ ಅವನ ಮುಖದ ಬಿಸಿ ಆರಿರುವುದಿಲ್ಲ.