ನನ್ನ ರ‍್ಯಾಂಕ್ ಏರಿಸಿದ ನಾಗರಾಜ

ಗೆಳೆಯರೇ, ಮೊನ್ನೆ ಆನ್‌ಲೈನ್ ಅಂಗಡಿಯಲ್ಲಿ ನನ್ನ ಕಥಾಸಂಕಲನದ ರ‍್ಯಾಂಕ್ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿದಿತ್ತು. ಒಂದೇ ಪ್ರತಿ ಮಾರಿದರೂ ಹಾಗೆ ಜಿಗಿಯುತ್ತದಂತೆ. ಯಾರಪ್ಪಾ ಆ ಓದುಗ ಅಂತ ಅವತ್ತಿಂದ ತಲೆ ಕೆಡಿಸಿಕೊಂಡಿದ್ದೆ.

ಇವತ್ತು ದೊಡ್ಡಬಳ್ಳಾಪುರದಲ್ಲಿ ಸಿಕ್ಕಿಬಿಟ್ಟ. ಸೀರೆ ನೇಯುವ ನಾಗರಾಜ, ನನ್ನ ಸ್ಕೂಲ್ ಗೆಳೆಯ. ಅವನ ಪವರ್‌ಲೂಮ್ ಪಕ್ಕದಲ್ಲೇ ನನ್ನ ಪುಸ್ತಕ ಇತ್ತು.

"ಯಾವ ಕಥೆ ಹಿಡಿಸ್ತೋ?" ಅಂತ ಮಗ್ಗದ ಸದ್ದು ಮೀರಿಸಿ ಕೇಳಿದೆ.

"ಕಥೆ ಇನ್ನೂ ನೋಡಿಲ್ಲ ಗುರು. ಮುಖಪುಟದ ಬಳ್ಳಿ ಬಾರ್ಡರಿಗೆ ಚೆನ್ನಾಗಿ ಕೂರುತ್ತೆ ಅಂತ ತರಿಸ್ದೆ."

"ಒಂದು ಕಥೆನಾದ್ರೂ ಓದೋ."

"ಓದ್ತೀನಿ ಬಿಡೋ. ಮುಂದಿನ ಪುಸ್ತಕಕ್ಕೆ ನವಿಲು ಹಾಕ್ಸು, ಮದುವೆ ಸೀರೆಗೆ ಆಗುತ್ತೆ."

ಮನೆಗೆ ಬಂದವನು ನವಿಲಿನ ಕಥೆಯೊಂದನ್ನು ಶುರು ಮಾಡಿದ್ದೇನೆ. ಒಂದು ಪ್ರತಿಯಂತೂ ಖಚಿತ.